ಬೆಂಕಿಗಿಂತ ಹಳೆಯ ನಿಯಮ: ಟ್ರಯಾಂಗಲ್ ದುರಂತ ಮತ್ತು ಕುಂದಾಪುರ ಸೀಮೆಯ ಕಾರ್ಖಾನೆಗಳು

1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಯಲ್ಲಿ 146 ಮಂದಿ ಬೆಂಕಿಗೆ ಬಲಿಯಾದರು. ಬಹುಪಾಲು ವಲಸಿಗ ಯುವತಿಯರು. ಕಾರ್ಮಿಕ ಸುರಕ್ಷತೆಯ ಕಾನೂನು ಹುಟ್ಟಿದ್ದೇ ಅಲ್ಲಿಂದ ಎಂಬುದು ರೂಢಿಯ ಮಾತು. ಡೇವಿಡ್ ವಾನ್ ಡ್ರೇಲ್ ಅವರ 2003ರ ಗ್ರಂಥದ ಉಪಶೀರ್ಷಿಕೆ ಅದನ್ನು ‘ಅಮೆರಿಕವನ್ನು ಬದಲಿಸಿದ ಬೆಂಕಿ’ ಎನ್ನುತ್ತದೆ. ರಾಜಕಾರಣದ ಮಟ್ಟಿಗೆ ಇದನ್ನು ಒಪ್ಪೋಣ. ಕಾನೂನಿನ ಮಟ್ಟಿಗೆ ಮಾತ್ರ ತಕರಾರಿದೆ.

ಕೆಲಸದ ವೇಳೆಯಲ್ಲಿ ಬಾಗಿಲಿಗೆ ಬೀಗ ಹಾಕಬಾರದು, ಸಾಧ್ಯವಿದ್ದಲ್ಲಿ ಅದು ಹೊರಕ್ಕೆ ತೆರೆಯಬೇಕು ಎಂದು ನ್ಯೂಯಾರ್ಕಿನ ಕಾನೂನು ದುರಂತಕ್ಕೆ ಮೊದಲೇ ಹೇಳಿತ್ತು. ಆದರೂ ಒಂಬತ್ತನೆಯ ಮಹಡಿಯ ಒಂದು ಬಾಗಿಲಿಗೆ ಬೀಗ ಬಿದ್ದಿತ್ತು. ಹೆಂಗಸರು ಮನೆಗೆ ಹೊರಡುವಾಗ ಚೀಲ ತಪಾಸಣೆ ನಡೆಯುತ್ತಿದ್ದ ಇನ್ನೊಂದು ಬಾಗಿಲಿನಿಂದಲೇ ಹೋಗಲೆಂದು ಹೀಗೆ ಮಾಡಲಾಗಿತ್ತು. ಬೀಗ ಹಾಕಿದ್ದು ಮಾಲೀಕರಿಗೆ ತಿಳಿದಿತ್ತೆಂದು ಸಾಬೀತಾಗದೆ ಡಿಸೆಂಬರಿನಲ್ಲಿ ಅವರು ಖುಲಾಸೆಯಾದರು. ಬ್ರಿಟನ್ನಿನ 1901ರ ಕಾರ್ಖಾನೆ ಕಾಯ್ದೆಯಲ್ಲೂ ಇದೇ ನಿಯಮವಿತ್ತು. ನಮ್ಮ 1948ರ ಕಾರ್ಖಾನೆ ಕಾಯ್ದೆಯ 38ನೆಯ ಕಲಮಿನ ಮೂಲ ಪಾಠ ಆ ಬ್ರಿಟಿಷ್ ಪಾಠಕ್ಕೆ ತೀರ ಹತ್ತಿರ. ಹಾಗಾಗಿ ಭಾರತದ ನಿಯಮದ ಬೇರು ನ್ಯೂಯಾರ್ಕಿನ ಬೂದಿಯಲ್ಲಿಲ್ಲ ಎಂಬುದು ನನ್ನ ವಾದ. ಪಾಠಸಾಮ್ಯವೊಂದೇ ಪೂರ್ಣ ಪುರಾವೆಯಲ್ಲ, ನಿಜ. ಸ್ಪ್ರಿಂಕ್ಲರ್, ಅಗ್ನಿ ಅಣಕು ಕವಾಯತಿನಂಥ ಹೊಸ ಕಟ್ಟಳೆಗಳನ್ನು ನ್ಯೂಯಾರ್ಕ್ ದುರಂತದ ನಂತರವೇ ತಂದಿತೆಂಬುದನ್ನೂ ಮರೆಯುವಂತಿಲ್ಲ. ಆದರೆ ಮುಖ್ಯ ಬದಲಾವಣೆ ತಪಾಸಣೆಯದು. ರಾಜ್ಯದ ಶಾಸಕರಾದ ರಾಬರ್ಟ್ ವ್ಯಾಗ್ನರ್, ಆಲ್ ಸ್ಮಿತ್ ಮುಂದಾಳುತನದ ತನಿಖಾ ಆಯೋಗ ಕಾರ್ಖಾನೆಗಳ ಒಳಹೊಕ್ಕು ನೋಡಿತು. ಕಾರ್ಮಿಕ ಇಲಾಖೆಯನ್ನೇ ಪುನಾರಚಿಸಲಾಯಿತು.

ಕುಂದಾಪುರ ಸೀಮೆಗೆ ಇದು ದೂರದ ಸಂಗತಿಯಲ್ಲ. ಇಲ್ಲಿನ ಗೇರುಬೀಜ ಕಾರ್ಖಾನೆಗಳಲ್ಲಿ ದುಡಿಯುವವರೂ ಹೆಚ್ಚಾಗಿ ಹೆಂಗಸರು. ಸಿಪ್ಪೆಯ ಎಣ್ಣೆ ಕೈ ಸುಡುತ್ತದೆ, ಹೊತ್ತಿ ಉರಿಯುತ್ತದೆ. ಅದೇ ಸಿಪ್ಪೆ ಬಾಯ್ಲರಿಗೆ ಉರುವಲು. 1948ರ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಘಟಕ 10 ಕಾರ್ಮಿಕರಿದ್ದರೆ ಕಾರ್ಖಾನೆ ಎನಿಸುತ್ತಿತ್ತು. ಅದರ ಬದಲಿಗೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಆ ಮಿತಿ 20. ಅಂದರೆ ಹನ್ನೆರಡು ಜನ ದುಡಿಯುವ ಶೆಡ್ಡು ಕಾರ್ಖಾನೆಯೆಂಬ ಲೆಕ್ಕದಿಂದಲೇ ಹೊರಗುಳಿಯುತ್ತದೆ. ಕೆಲಸ ಅಪಾಯಕಾರಿಯೆಂದು ಸರ್ಕಾರ ಅಧಿಸೂಚಿಸಿದರೆ ಒಬ್ಬನೇ ಕಾರ್ಮಿಕನಿದ್ದರೂ ಸಂಹಿತೆ ಅನ್ವಯವಾದೀತು. ಆ ಅವಕಾಶ ಉಂಟು. ಹೋಲಿಕೆಗೆ ಪಟಾಕಿಯನ್ನು ನೋಡಿ: 2024ರ ಜನವರಿ 28ರಂದು ಬೆಳ್ತಂಗಡಿ ತಾಲೂಕಿನ ವೇಣೂರು ಬಳಿಯ ಕುಕ್ಕೇಡಿಯ ಪಟಾಕಿ ತಯಾರಿಕಾ ಘಟಕದಲ್ಲಿ ಮೂವರು ಸತ್ತರು. ಪಟಾಕಿಗೆ ಎಷ್ಟೇ ಜನರಿದ್ದರೂ 1884ರ ಸ್ಫೋಟಕ ಕಾಯ್ದೆ ಅನ್ವಯ. ಗೇರು ಸಿಪ್ಪೆಗೆ ಅಂಥ ಪ್ರತ್ಯೇಕ ಕಾಯ್ದೆಯಿಲ್ಲ.

ಸಿಪ್ಪೆಯೆಣ್ಣೆಯ ಕೆಲಸವನ್ನು ಅಪಾಯಕಾರಿ ಪಟ್ಟಿಗೆ ಸೇರಿಸಬೇಕೇ ಎಂಬುದು ಇನ್ನೂ ಚರ್ಚೆಯಾಗಬೇಕಾದ ಪ್ರಶ್ನೆ. ಅದಕ್ಕೆ ಮೊದಲು ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಯ ಹಳೆಯ ತಪಾಸಣಾ ದಾಖಲೆಗಳನ್ನು ಯಾರಾದರೂ ಕುಳಿತು ಓದಬೇಕು.