ಒಂದೇ ತಾಳ, ಹಲವು ಕಂಠ: ತೆಂಕುತಿಟ್ಟಿನ ಭಾಗವತಿಕೆಯನ್ನು ಕುರಿತು

ಯಕ್ಷಗಾನ ಪ್ರಸಂಗದ ಯಾವುದೇ ಪ್ರತಿಯನ್ನು ತೆರೆದರೂ ಪದಗಳ ಶಿರೋಭಾಗದಲ್ಲಿ ರಾಗತಾಳಗಳ ಹೆಸರು ಮಾತ್ರ ಕಾಣುತ್ತದೆ. ಝಂಪೆಗೆ 10 ಅಕ್ಷರ, ತ್ರಿವುಡೆಗೆ 7 ಅಕ್ಷರ ಎಂಬಷ್ಟು ಅದರಿಂದ ತಿಳಿಯಬಹುದು. ಪದವನ್ನು ಎಲ್ಲಿ ಎತ್ತಿಕೊಳ್ಳಬೇಕು, ಎಲ್ಲಿ ಬಿಡಬೇಕು, ಯಾವ ಮಟ್ಟಿನಲ್ಲಿ ನಡೆಸಬೇಕು ಎಂಬುದು ಭಾಗವತನ ಕಂಠದಲ್ಲಿದೆ. ಆದುದರಿಂದ ಯಕ್ಷಗಾನದ ಚರಿತ್ರೆ ಕೇವಲ ಪ್ರಸಂಗಕವಿಗಳ ಚರಿತ್ರೆಯಾದರೆ ಅದರ ಅರ್ಧಭಾಗ ಲುಪ್ತವಾದಂತೆಯೇ ಸರಿ.

ಒಂದೇ ಆಧಾರದ ಮೇಲೆ ಹಲವರು ಹಾಡುವ ಪದ್ಧತಿ ಅನ್ಯತ್ರವೂ ಉಂಟು. ಜಮೈಕಾ ದ್ವೀಪದ ಡಾನ್ಸ್‌ಹಾಲ್ ಸಂಗೀತದಲ್ಲಿ ‘ರಿಡಿಮ್’ ಎಂಬ ವಾದ್ಯಬಂಧವೇ ಅಂತಹ ಆಧಾರ. 1985ರ ‘ಸ್ಲೆಂಗ್ ಟೆಂಗ್’ ರಿಡಿಮ್ಮಿನ ಮೇಲೆ ವೇಯ್ನ್ ಸ್ಮಿತ್, ಟೆನರ್ ಸಾ, ಜಾನಿ ಆಸ್ಬೋರ್ನ್ ಮುಂತಾದವರು ಬೇರೆಬೇರೆ ಹಾಡುಗಳನ್ನು ಹಾಡಿದರು. ಅಲ್ಲಿ ವಾದ್ಯ ಧ್ವನಿಮುದ್ರಿತವಾಗಿ ಸ್ಥಿರ, ಸಾಹಿತ್ಯ ಚರ. ನಮ್ಮಲ್ಲಿ ಸಾಹಿತ್ಯ ಸ್ಥಿರ. ಚೆಂಡೆಮದ್ದಳೆಗಳು ಭಾಗವತನನ್ನು ಅನುಸರಿಸಿ ಪ್ರತಿರಾತ್ರಿಯೂ ಹೊಸದಾಗಿ ನುಡಿಯುತ್ತವೆ.

ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆ ಈ ಭೇದವನ್ನು ಪರಿಶೀಲಿಸಲು ಯೋಗ್ಯವಾದ ಕ್ಷೇತ್ರ. ಕಟೀಲಿನ ಮೇಳಗಳು ಹರಕೆಯ ಸೇವೆಯಾಗಿ ಇಲ್ಲಿನ ಬಯಲುಗಳಲ್ಲಿ ‘ದೇವೀಮಹಾತ್ಮೆ’ಯನ್ನು ಮತ್ತೆ ಮತ್ತೆ ಆಡುತ್ತವೆ. ಕಥೆಯನ್ನು ಬಲ್ಲ ಪ್ರೇಕ್ಷಕರು ಹೋಲಿಸಿ ನೋಡುವುದು ವೇಷವನ್ನು, ಕೇಳುವುದು ಭಾಗವತಿಕೆಯನ್ನು.

ಮೂಡುಬಿದಿರೆಯ ಸಮೀಪದ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು (1938–2023) ತಮ್ಮದೇ ಹೆಸರಿನ ಅಜ್ಜನಿಂದ ಬಂದ ಕ್ರಮವನ್ನು ಕಟೀಲು ಮೇಳದಲ್ಲಿ ದಶಕಗಳ ಕಾಲ ನಡೆಸಿದರು. ಏರುಶ್ರುತಿ, ಹಳೆಯ ಮಟ್ಟುಗಳಲ್ಲಿ ನಿಷ್ಠೆ, ರಾಗವಿಸ್ತಾರದಲ್ಲಿ ಸಂಯಮ ಇವು ‘ಬಲಿಪ ಶೈಲಿ’ಯ ಲಕ್ಷಣಗಳು. ಐದು ದಿನಗಳ ‘ದೇವೀಮಹಾತ್ಮೆ’ಯನ್ನು ರಚಿಸಿದವರೂ ಅವರೇ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳ ಮೇಳದಲ್ಲಿ ಉತ್ತರ ಕನ್ನಡದಿಂದ ಬಂದ ಕಡತೋಕ ಮಂಜುನಾಥ ಭಾಗವತರು ಬಹುಕಾಲ ಹಾಡಿದರು. ಲೀಲಾವತಿ ಬೈಪಾಡಿತ್ತಾಯರು (1947–2024) ಶಾಸ್ತ್ರೀಯ ಸಂಗೀತದ ಶಿಕ್ಷಣದೊಡನೆ ಈ ಕ್ಷೇತ್ರವನ್ನು ಪ್ರವೇಶಿಸಿ, ತೆಂಕುತಿಟ್ಟಿನ ವೃತ್ತಿಮೇಳಗಳಲ್ಲಿ ಹಾಡಿದ ಮೊದಲ ಮಹಿಳಾ ಭಾಗವತರೆನಿಸಿದರು. ಮೂವರ ಮುಂದೆಯೂ ಇದ್ದುದು ಅದೇ ತಾಳಗಳು. ಪದಕ್ಕೆ ದೊರೆತ ರೂಪ ಮಾತ್ರ ಮೂರು ಬಗೆ.

ಇವುಗಳಲ್ಲಿ ಯಾವುದು ಶುದ್ಧವೆಂಬ ವಾದ ಇತಿಹಾಸಕಾರನಿಗೆ ಅಪ್ರಸ್ತುತ. ಆತನಿಗೆ ಮುಖ್ಯವಾದುದು ಇಷ್ಟೇ: ಮಟ್ಟು ಕಂಠದಿಂದ ಕಿವಿಗೆ ಸಾಗುವ ವಿದ್ಯೆ, ಕಲಿಯುವವನಿಲ್ಲದೆ ಹಾಡುವವನು ತೀರಿಕೊಂಡರೆ ಅದೂ ತೀರುತ್ತದೆ. ರಾಗಾಲಾಪನೆಗೆ ಪ್ರಾಧಾನ್ಯ ಹೆಚ್ಚಿದಂತೆ, ಕಾಲಮಿತಿಯ ಆಟಗಳಲ್ಲಿ ಪದಗಳು ಕಡಿಮೆಯಾದಂತೆ, ಹಾಡದೆ ಉಳಿದ ಪದದೊಡನೆ ಅದರ ಮಟ್ಟೂ ಮರೆಯಾಗುತ್ತದೆ. ಗ್ರಂಥ ಮಾತ್ರ ಅಚ್ಚಿನಲ್ಲಿ ಸುರಕ್ಷಿತವಾಗಿರುವುದರಿಂದ ಈ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

ಪ್ರಸಂಗಗಳ ಪಾಠಾಂತರಗಳನ್ನು ಸಂಗ್ರಹಿಸುವಷ್ಟೇ ಶ್ರದ್ಧೆಯಿಂದ ಕಂಠಾಂತರಗಳನ್ನೂ ಸಂಗ್ರಹಿಸಬೇಕು. ಒಂದೇ ಪದವನ್ನು ಹಲವು ಭಾಗವತರು ಹಾಡಿದ ಧ್ವನಿಮುದ್ರಿಕೆಗಳನ್ನು ಜೊತೆಗಿಟ್ಟು, ಚೆಂಡೆಮದ್ದಳೆಗಳ ನಡೆಯನ್ನೂ ಗುರುತಿಸಿ, ತಾಳಾಕ್ಷರಗಳೊಡನೆ ಬರೆದಿಡುವುದು ವಿದ್ಯಾರ್ಥಿಗಳ ಅಳವಿಗೆ ಮೀರಿದ ಕಾರ್ಯವಲ್ಲ.