ಶ್ರೀರಂಗಪಟ್ಟಣ: ಸೆರೆಯ ನೆನಪು, ಸೇವೆಯ ನೆನಪು



ಒಂದು ತಪಸ್ಸುಕಾಲದಲ್ಲಿ ನಮ್ಮ ಧರ್ಮೋಪದೇಶ ತರಗತಿಯ ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದೆ. ಕೋಟೆಯ ಬಾಗಿಲು ದಾಟುವಾಗ, ಕರಾವಳಿ ಮೂಲದ ಮನೆತನದ ಹುಡುಗನೊಬ್ಬ ಕೇಳಿದ: "ಫಾದರ್, ನಮ್ಮ ಹಿರಿಯರನ್ನು ಸೆರೆಯಲ್ಲಿಟ್ಟ ಊರು ಇದೇ ಅಲ್ಲವೇ? ಹಾಗಾದರೆ ಇದು ನಮ್ಮ ಶತ್ರುಗಳ ಊರೇ?" ಅಜ್ಜಿ ಹೇಳಿದ ಕಥೆ ಅವನ ಮನಸ್ಸಿನಲ್ಲಿ ಹಾಗೇ ಉಳಿದಿತ್ತು. ಆಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವನಿಗೆ ಹೇಳಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾವೇರಿ ನದಿ ಎರಡಾಗಿ ಸೀಳಿ ಮತ್ತೆ ಒಂದಾಗುವ ಕಡೆ, ಸುಮಾರು 5 ಕಿಲೋಮೀಟರ್ ಉದ್ದದ ದ್ವೀಪದ ಮೇಲೆ ಈ ಊರಿದೆ. ಗಂಗರ ಸಾಮಂತ ತಿರುಮಲಯ್ಯ ಇಲ್ಲಿ ರಂಗನಾಥನ ಗುಡಿ ಕಟ್ಟಿಸಿದನೆಂದು ಹೇಳುತ್ತಾರೆ. ಊರಿಗೆ ಹೆಸರು ಬಂದದ್ದು ಆ ದೇವರಿಂದಲೇ. 1610ರಲ್ಲಿ ರಾಜ ಒಡೆಯರು ಇದನ್ನು ವಿಜಯನಗರದ ಪ್ರತಿನಿಧಿಯಿಂದ ವಶಪಡಿಸಿಕೊಂಡು ರಾಜಧಾನಿ ಮಾಡಿಕೊಂಡರು. ಮೈಸೂರಿನ ಹೆಸರು ಹೊತ್ತ ದಸರಾ ಮೊದಲು ನಡೆದದ್ದೂ ಆ ವರ್ಷ, ಇಲ್ಲಿಯೇ.

ಹೈದರ್ ಮತ್ತು ಟಿಪ್ಪುವಿನ ಕಾಲಕ್ಕೆ ಈ ಊರು ದಕ್ಷಿಣ ಭಾರತದ ಬಲಿಷ್ಠ ಕೋಟೆಗಳಲ್ಲಿ ಒಂದಾಯಿತು. ಅದೇ ಕಾಲದಲ್ಲಿ ಅದು ಸೆರೆಯಾಳುಗಳ ಊರೂ ಆಯಿತು. 1780ರ ಪೊಳ್ಳಿಲೂರು ಕದನದಲ್ಲಿ ಸೋತ ಇಂಗ್ಲಿಷ್ ಸೈನಿಕರು ಇಲ್ಲಿ ಬಂದಿಗಳಾಗಿದ್ದರು. 1784ರಲ್ಲಿ, ವಿಭೂತಿ ಬುಧವಾರದಂದು ಎಂದು ಹಿರಿಯರ ನೆನಪು, ಕೆನರಾದ ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಇಲ್ಲಿಗೆ ನಡೆಸಿಕೊಂಡು ಬಂದರು. ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬುದು ಅವರ ಮೇಲಿದ್ದ ಆರೋಪ. ಅವರೆಷ್ಟು ಮಂದಿ ಎಂಬುದರಲ್ಲಿ ಇತಿಹಾಸಕಾರರು ಒಮ್ಮತಕ್ಕೆ ಬಂದಿಲ್ಲ. 30,000ದಿಂದ 80,000ದವರೆಗೆ ಲೆಕ್ಕಗಳಿವೆ. ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು, ಅನೇಕರನ್ನು ಬಲವಂತದಿಂದ ಮತಾಂತರಿಸಲಾಯಿತು. ಇದನ್ನು ನಾವು ಮರೆಯಬೇಕಾಗಿಲ್ಲ, ಮುಚ್ಚಿಡಬೇಕಾಗಿಯೂ ಇಲ್ಲ.

ಆದರೆ ನೆನಪಿಡುವವರು ಪೂರ್ತಿ ನೆನಪಿಡಬೇಕು. ಅದೇ ಟಿಪ್ಪುವಿನ ಅರಮನೆಯ ಸಮೀಪದಲ್ಲೇ ರಂಗನಾಥನ ಪೂಜೆ ನಡೆಯುತ್ತಿತ್ತು. ಅವನು ಕೊಟ್ಟ ಬೆಳ್ಳಿಯ ಪಾತ್ರೆಗಳು ಗುಡಿಗೆ ಸೇರಿದ್ದವು. 1792ರಲ್ಲಿ ಸೋತಾಗ ಅವನು ಅರ್ಧ ರಾಜ್ಯವನ್ನಷ್ಟೇ ಅಲ್ಲ, ತನ್ನ ಇಬ್ಬರು ಪುಟ್ಟ ಮಕ್ಕಳನ್ನೂ ಇಂಗ್ಲಿಷರಿಗೆ ಒತ್ತೆಯಾಗಿ ಒಪ್ಪಿಸಬೇಕಾಯಿತು. 1799ರ ಮೇ 4ರಂದು ಕೋಟೆ ಒಡೆಯಿತು, ಟಿಪ್ಪು ಹೋರಾಡುತ್ತಾ ಸತ್ತ. ಗೆದ್ದ ಸೈನಿಕರು ಆ ರಾತ್ರಿ ಊರನ್ನು ಲೂಟಿ ಮಾಡಿದರು. ಲೂಟಿಗೊಳಗಾದ ಮನೆಗಳಲ್ಲಿ ಎಲ್ಲ ಮತದವರೂ ಇದ್ದರು.

ಹೀಗೆ ಗಾಯಗೊಂಡ ಊರಿಗೆ ಬಂದವರು ಫ್ರಾನ್ಸಿನ ಗುರುಗಳಾದ ಅಬ್ಬೆ ದ್ಯುಬುವಾ. ಸೆರೆಯಿಂದ ಹೊರಬಂದು ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸುವುದು ಅವರ ಮೊದಲ ಕೆಲಸವಾಗಿತ್ತು. ದ್ವೀಪದ ಗಂಜಾಂನಲ್ಲಿರುವ ದೇವಾಲಯ ಇಂದಿಗೂ ಅವರ ಹೆಸರಿನೊಂದಿಗೆ ಸೇರಿಕೊಂಡಿದೆ. ಜನ ಅವರನ್ನು 'ದೊಡ್ಡಸ್ವಾಮಿಯವರು' ಎಂದು ಕರೆದರು.

ಅವರ ಎರಡನೆಯ ಕೆಲಸ ಇನ್ನೂ ದೊಡ್ಡದು. ಆಗ ಸಿಡುಬು ಹಳ್ಳಿಗಳನ್ನೇ ಖಾಲಿ ಮಾಡುತ್ತಿತ್ತು. ಜೆನ್ನರ್ ಕಂಡುಹಿಡಿದ ಲಸಿಕೆ ಭಾರತದಲ್ಲಿ ಮೊದಲು ಹಾಕಲ್ಪಟ್ಟದ್ದು 1802ರಲ್ಲಿ, ಮುಂಬಯಿಯಲ್ಲಿ. ಮರುವರ್ಷವೇ ದ್ಯುಬುವಾ ಮೈಸೂರು ಸೀಮೆಯಲ್ಲಿ ಈ ಕೆಲಸಕ್ಕೆ ಕೈಹಾಕಿದರು. 1803-04ರಲ್ಲಿ 25,432 ಮಂದಿಗೆ ಲಸಿಕೆ ಹಾಕಿದ ಲೆಕ್ಕ ಅವರ ಹೆಸರಿನಲ್ಲಿದೆ. ಆ ಕಾಲದ ಲಸಿಕೆ ಸೀಸೆಯಲ್ಲಿ ಬರುತ್ತಿರಲಿಲ್ಲ. ಒಂದು ಮಗುವಿನ ತೋಳಿನ ಮೇಲೆದ್ದ ಗುಳ್ಳೆಯ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಚುಚ್ಚಬೇಕಾಗಿತ್ತು. ಮಡಿ, ಮೈಲಿಗೆ, ಜಾತಿ, ಮತ ಇಷ್ಟು ಬಿಗಿಯಾಗಿದ್ದ ಕಾಲದಲ್ಲಿ ಒಂದು ಮನೆಯ ಮಗುವಿನ ಮೈಯ ರಸ ಇನ್ನೊಂದು ಮನೆಯ ಮಗುವಿನ ಪ್ರಾಣ ಕಾಯಬೇಕಾಗಿತ್ತು. ತಾಯಂದಿರನ್ನು ಇದಕ್ಕೆ ಒಪ್ಪಿಸುವುದು ಎಷ್ಟು ಕಷ್ಟವಾಗಿರಬೇಕು, ಯೋಚಿಸಿರಿ.

ಇವರನ್ನು ಸಂತರೆಂದು ಹೊಗಳುವುದು ನನ್ನ ಉದ್ದೇಶವಲ್ಲ. ಹಿಂದೂಗಳ ಆಚಾರಗಳ ಬಗ್ಗೆ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಗ್ರಂಥದ ಬಹುಭಾಗ, ಅವರಿಗಿಂತ ಹಿಂದಿನ ಯೇಸುಸಭೆಯ ಗುರು ಕೂರ್ದೂ ಅವರ ಬರಹದಿಂದ ಬಂದದ್ದೆಂದು ನಂತರದ ಸಂಶೋಧನೆ ತೋರಿಸಿದೆ. ಅದರ ಕೆಲವು ಮಾತುಗಳು ಇಂದು ಓದುವವರಿಗೆ ನೋವು ತರುತ್ತವೆ. 1823ರಲ್ಲಿ ಊರಿಗೆ ಮರಳಿದ ಅವರು, ಮತಪ್ರಚಾರದಲ್ಲಿ ತಾವು ಸೋತೆವೆಂದು ಅದೇ ವರ್ಷದ ಪುಸ್ತಕದಲ್ಲಿ ಒಪ್ಪಿಕೊಂಡರು. ತಾನು ಸೋತೆನೆಂದು ಭಾವಿಸಿದ ಮನುಷ್ಯ ಸಾವಿರಾರು ಮಕ್ಕಳನ್ನು ಉಳಿಸಿ ಹೋಗಿದ್ದ.

ಇತ್ತ ಪಟ್ಟಣ ಕುಗ್ಗುತ್ತಾ ಬಂತು. ರಾಜಧಾನಿ ಮೈಸೂರಿಗೆ ಹೋಯಿತು. ಜ್ವರದ ಕಾಟಕ್ಕೆ ಬೇಸತ್ತ ಇಂಗ್ಲಿಷ್ ದಂಡು ಬೆಂಗಳೂರಿಗೆ ಹೋಯಿತು. 1800ರಲ್ಲಿ ಸುಮಾರು 32,000 ಜನರಿದ್ದ ಊರಿನಲ್ಲಿ 1901ರ ಗಣತಿಯ ವೇಳೆಗೆ 9,000 ಮಂದಿಯೂ ಇರಲಿಲ್ಲ. ಉಳಿದವರು ನಾಲೆಯ ನೀರಿನಲ್ಲಿ ಭತ್ತ, ಕಬ್ಬು ಬೆಳೆದು ಬದುಕಿದರು. 2023ರಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ತೆರೆದಾಗ ವಾಹನಗಳು ಊರನ್ನು ಬಳಸಿ ಹೊರಗಿನಿಂದಲೇ ಸಾಗತೊಡಗಿದವು. ಹಳೆಯ ರಸ್ತೆಯ ಬದಿಯಲ್ಲಿ ಎಳನೀರು ಮಾರುವವರಿಗೆ ಅದರ ಬಿಸಿ ತಟ್ಟಿತು.

ಆದರೂ ಬರುವವರು ಬರುತ್ತಲೇ ಇದ್ದಾರೆ. ರಂಗನಾಥನ ಗುಡಿಗೆ, ನಿಮಿಷಾಂಬೆಗೆ, ಗುಂಬಜ್‌ಗೆ ಜನ ಬರುತ್ತಾರೆ. ಪಶ್ಚಿಮವಾಹಿನಿಯಲ್ಲಿ ತಮ್ಮವರ ಚಿತಾಭಸ್ಮ ಬಿಡಲು ಬರುತ್ತಾರೆ; 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನು ಬಿಟ್ಟದ್ದೂ ಅಲ್ಲಿಯೇ. ಹಳೆಯ ಗಾಯ ಕೆದಕಿ ಜಗಳಕ್ಕೆ ಬರುವವರೂ ಇದ್ದಾರೆ.

ಆ ಹುಡುಗನಿಗೆ ಈಗ ಹೀಗೆ ಹೇಳುತ್ತೇನೆ: ಮಗೂ, ನಿನ್ನ ಅಜ್ಜಿ ಹೇಳಿದ್ದು ನಿಜ. ಅದನ್ನು ನಿನ್ನ ಮಕ್ಕಳಿಗೂ ಹೇಳು. ಆದರೆ ಸೆರೆಯಿಂದ ಬಂದ ನಮ್ಮವರನ್ನು ಸಂತೈಸಲು ಬಂದ ಗುರು, ಲಸಿಕೆ ಹಾಕುವಾಗ ಯಾರ ಮತವನ್ನೂ ಕೇಳಲಿಲ್ಲ ಎಂಬುದನ್ನೂ ಸೇರಿಸಿ ಹೇಳು. ಈ ಊರಿನಲ್ಲಿ ಇಂದು ಗದ್ದೆಗೆ ನೀರು ಹಾಯಿಸುವವನು ನಿನ್ನ ಹಿರಿಯರನ್ನು ಸೆರೆಹಿಡಿದವನಲ್ಲ. ಅವನ ಮುತ್ತಜ್ಜಿಯ ತೋಳಿನ ಮೇಲೂ ಅದೇ ಸೂಜಿಯ ಗುರುತು ಇದ್ದಿರಬಹುದು.