ಮಣ್ಣೊಳಗಿನ ಬೆಳ್ಳಿಯ ನಾಣ್ಯಗಳು

ಶಿವಮೊಗ್ಗ ಭದ್ರಾವತಿಗಳ ನಡುವಣ ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣವು ಆರಂಭವಾದ ಮೇಲೆ ಲೋಹಶೋಧಕ ಯಂತ್ರವು ಈ ಸೀಮೆಯವರಿಗೆ ಅಪರಿಚಿತವಾಗಿ ಉಳಿದಿಲ್ಲ. ಪ್ರಯಾಣಿಕನ ಜೇಬಿನ ಬೀಗದಕೈಯನ್ನು ಬಯಲಿಗಿಡುವ ಯಂತ್ರದ ತತ್ತ್ವವನ್ನೇ ಬಳಸಿ ಹೊಲಗಳಲ್ಲಿ ಹಳೆಯ ನಾಣ್ಯಗಳನ್ನರಸುವ ಹವ್ಯಾಸವು ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಯಂತ್ರದ ಸುರುಳಿಯಿಂದ ಹೊರಟ ಕಾಂತಕ್ಷೇತ್ರವು ನೆಲದೊಳಗಿನ ಲೋಹದಲ್ಲಿ ಸೂಕ್ಷ್ಮವಾದ ವಿದ್ಯುತ್ಪ್ರವಾಹವನ್ನು ಹುಟ್ಟಿಸುತ್ತದೆ; ಅದರ ಪ್ರತಿಕ್ರಿಯೆಯೇ ಧ್ವನಿಯಾಗಿ ಕೇಳುತ್ತದೆ. ಲೋಹಗಳಲ್ಲೆಲ್ಲ ಬೆಳ್ಳಿಯು ಉತ್ತಮ ವಿದ್ಯುದ್ವಾಹಕ.

ಆದರೆ ಕನ್ನಡ ನಾಡಿನ ಮಣ್ಣಿನಲ್ಲಿ ಪ್ರಾಚೀನ ಬೆಳ್ಳಿನಾಣ್ಯವು ಸುಲಭವಾಗಿ ದೊರೆಯುವಂಥದಲ್ಲ. ಇಲ್ಲಿ ಹೊನ್ನಿನ ಗಣಿಗಳುಂಟು. ಹೇಳಿಕೊಳ್ಳುವಂಥ ಬೆಳ್ಳಿಯ ಗಣಿಗಳಿಲ್ಲ. ಬಿ. ಎಲ್. ರೈಸರು ಎಪಿಗ್ರಾಫಿಯ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳಲ್ಲಿ ಪ್ರಕಟಿಸಿದ ಶಿವಮೊಗ್ಗ ಜಿಲ್ಲೆಯ ಶಾಸನಗಳಲ್ಲಿ ಗುಡಿ ಬಸದಿಗಳ ದತ್ತಿಗಳು ಗದ್ಯಾಣ, ಪಣಗಳ ಲೆಕ್ಕದಲ್ಲಿ ಕಾಣುತ್ತವೆ. ಅವು ಹೊನ್ನಿನ ಲೆಕ್ಕ. ಆದುದರಿಂದ ಮೌರ್ಯಕಾಲದ ಮುದ್ರಾಂಕಿತ ನಾಣ್ಯಗಳನ್ನು ಬಿಟ್ಟರೆ, ಇಲ್ಲಿ ಸಿಕ್ಕ ಹಳೆಯ ಬೆಳ್ಳಿಯು ಹೆಚ್ಚಾಗಿ ಸಮುದ್ರ ದಾಟಿ ಬಂದದ್ದು.

1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲುಮಾರ್ಗದ ಕೆಲಸಕ್ಕಾಗಿ ಅಗೆಯುವಾಗ ರೋಮನ್ ಬೆಳ್ಳಿನಾಣ್ಯಗಳು 163 ದೊರೆತವು. 1965ರಲ್ಲಿ ಅದೇ ನಗರದ ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿಯ ಅಕ್ಕಿತಿಮ್ಮನಹಳ್ಳಿಯಲ್ಲಿ ಸಿಕ್ಕವು 256. ಎರಡರಲ್ಲಿಯೂ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ನಾಣ್ಯಗಳಿದ್ದವು. ಭಾರತವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸುಗಳಷ್ಟು ಹಣವನ್ನು ಸೆಳೆದುಕೊಳ್ಳುತ್ತಿದೆಯೆಂದು ಪ್ಲಿನಿ ಪಂಡಿತನು ಪೇಚಾಡಿಕೊಂಡದ್ದು ಪ್ರಸಿದ್ಧ. ಆ ಹಣದ ಒಂದು ಹಿಡಿ ಇದು. ಆದರೆ ಅದನ್ನು ಹೂತವನಾರು, ಎಂದು, ಏತಕ್ಕೆ? ಗುದ್ದಲಿ ತಗುಲಿದ ಕ್ಷಣದಲ್ಲೇ ಆ ಸಾಕ್ಷ್ಯವು ಚೆದುರಿಹೋಗಿತ್ತು.

ಚಿತ್ರದುರ್ಗದ ಚಂದ್ರವಳ್ಳಿಯ ಮಾತು ಬೇರೆ. ಅಲ್ಲಿ 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರರೂ ಉತ್ಖನನ ನಡೆಸಿದರು. ವೀಲರರಿಗೆ ದೊರೆತ ಟೈಬೀರಿಯಸನ ಒಂದೇ ಒಂದು ಬೆಳ್ಳಿನಾಣ್ಯವು, ಸಾತವಾಹನರ ಕಾಲದ ನೆಲೆಯೊಂದರ ಸ್ತರಗಳಲ್ಲಿ ಮಡಕೆಚೂರುಗಳ ಜೊತೆಯಲ್ಲಿ ಸಿಕ್ಕಿದ್ದರಿಂದ, ಆ ನೆಲೆಯ ಕಾಲನಿರ್ಣಯಕ್ಕೆ ಆಧಾರವಾಯಿತು. ಚರಿತ್ರೆಯ ದೃಷ್ಟಿಯಿಂದ ಆ ಒಂದರ ಬೆಲೆ ಯಶವಂತಪುರದ ನೂರರವತ್ತಮೂರಕ್ಕಿಂತ ಕಡಿಮೆಯೇನಲ್ಲ.

ಯಂತ್ರವು ಲೋಹವಿದೆಯೆಂದು ಹೇಳೀತು. ಸ್ತರವನ್ನು ಅದು ಓದಲಾರದು. 1992ರಲ್ಲಿ ಇಂಗ್ಲೆಂಡಿನ ಹಾಕ್ಸನ್ ಗ್ರಾಮದಲ್ಲಿ ರೈತನೊಬ್ಬನ ಕಳೆದುಹೋದ ಸುತ್ತಿಗೆಯನ್ನು ಇಂತಹ ಯಂತ್ರದಿಂದ ಹುಡುಕುತ್ತಿದ್ದ ಮಿತ್ರನಿಗೆ ರೋಮನ್ ನಿಧಿಯೇ ಗೋಚರಿಸಿತು. ಆತನು ಎಲ್ಲವನ್ನೂ ಅಗೆದು ತೆಗೆಯದೆ ಅಧಿಕಾರಿಗಳಿಗೆ ತಿಳಿಸಿದನು. ಪುರಾತತ್ತ್ವಜ್ಞರು ಹದಿನಾಲ್ಕು ಸಾವಿರಕ್ಕೂ ಮಿಕ್ಕ ಬೆಳ್ಳಿನಾಣ್ಯಗಳನ್ನು ಹೊರತೆಗೆದುದಲ್ಲದೆ, ಮರದ ಪೆಟ್ಟಿಗೆಯೊಳಗೆ ಅವುಗಳನ್ನು ಜೋಡಿಸಿಟ್ಟಿದ್ದ ಬಗೆಯನ್ನೂ ಗುರುತಿಸಿದರು. ಆ ಸುತ್ತಿಗೆಯೂ ಈಗ ಬ್ರಿಟಿಷ್ ಮ್ಯೂಸಿಯಮ್ಮಿನ ವಸ್ತು!

ನಮ್ಮಲ್ಲಿಯೋ, ನಿಧಿಯಾಸೆಯಿಂದ ಪಾಳು ಗುಡಿ ಬಸದಿಗಳ ಪೀಠಗಳನ್ನು ಕಿತ್ತ, ಶಾಸನದ ಕಲ್ಲುಗಳನ್ನು ಉರುಳಿಸಿದ ಉದಾಹರಣೆಗಳಿಗೆ ಬರವಿಲ್ಲ. ಅಂಥವರ ಕೈಗೆ ಯಂತ್ರವು ಸೇರಿದರೆ ಹಾನಿಯು ಇಮ್ಮಡಿಯಾಗುತ್ತದೆ. ಹಿಂದೆ ಭೂದಾನ ಪಡೆದವನಿಗೆ ಸಲ್ಲುತ್ತಿದ್ದ ಅಷ್ಟಭೋಗಗಳಲ್ಲಿ ನಿಧಿ, ನಿಕ್ಷೇಪಗಳು ಮೊದಲೆರಡು. ಇಂದು ಆ ಅಧಿಕಾರವು ನೆಲದೊಡೆಯನಿಗೆ ತಾನಾಗಿ ಬರುವುದಿಲ್ಲ. ನಿಧಿಯನ್ನು ಕುರಿತ 1962ರ ರಾಜ್ಯದ ಕಾಯಿದೆಯಂತೆ, ದೊರೆತುದನ್ನು ಸರ್ಕಾರಕ್ಕೆ ತಿಳಿಸಬೇಕು. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ನೂರು ವರ್ಷ ಮೀರಿದ ನಾಣ್ಯವು 1972ರ ಕೇಂದ್ರ ಕಾಯಿದೆಯ ಪ್ರಕಾರ ಪುರಾವಸ್ತು.